ತಿರುಗುವ ಗಾಜು

ಮಳೆಗಾಲ ಮುಗಿಯುತ್ತ ಬಂದಾಗ ಕೊಡಚಾದ್ರಿ ಹತ್ತುವ ಕ್ಯಾಮೆರಾದವರದೆಲ್ಲ ಒಂದೇ ದೂರು: ಕಣ್ಣಿಗೆ ಕಂಡ ಹಸಿರು ಫೋಟೋದಲ್ಲಿ ಬರುವುದಿಲ್ಲ. ಒದ್ದೆಯಾದ ಒಂದೊಂದು ಎಲೆಯೂ ಆಕಾಶದ ಬಿಳುಪನ್ನು ಪ್ರತಿಫಲಿಸುತ್ತಿರುತ್ತದೆ. ಹಸಿರು ಆ ಹೊಳಪಿನಡಿ ಅಡಗಿರುತ್ತದೆ. ಲೆನ್ಸಿನ ಮುಂದೆ ಪೋಲರೈಸರ್ ಎಂಬ ಗಾಜು ಸಿಕ್ಕಿಸಿ ಮೆಲ್ಲಗೆ ತಿರುಗಿಸಿ ನೋಡಿ. ಒಂದು ಹಂತದಲ್ಲಿ ಹೊಳಪು ಕರಗಿ ಎಲೆಯ ನರವೂ ಕಾಣುತ್ತದೆ. ಆಮೇಲೆ ಕಂಪ್ಯೂಟರಿನಲ್ಲಿ ಏನೇನೋ ತಿದ್ದಬಹುದು, ಹೊಳಪು ನುಂಗಿದ ಬಣ್ಣವನ್ನು ಮರಳಿ ತರುವುದು ಮಾತ್ರ ಕಷ್ಟ. ಅದಕ್ಕೇ ಈ ಪುಟ್ಟ ಗಾಜಿನ ಮೇಲೆ ನನಗೆ ಇಷ್ಟು ಪ್ರೀತಿ.

ಎಲೆ, ನೀರಿನ ಮೈಯಿಂದ ಓರೆಯಾಗಿ ಪುಟಿದ ಬೆಳಕು ಬಹುಪಾಲು ಒಂದೇ ದಿಕ್ಕಿನಲ್ಲಿ ಕಂಪಿಸುತ್ತದೆ. ಪೋಲರೈಸರ್ ಅದನ್ನು ತಡೆಯುತ್ತದೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಬದಿ ಅರಬ್ಬಿ ಸಮುದ್ರ, ಇನ್ನೊಂದು ಬದಿ ಸೌಪರ್ಣಿಕಾ ನದಿ. ನೀರು ತಿಳಿಯಾಗಿದ್ದರೆ ಪೋಲರೈಸರಿನಿಂದ ನದಿಯಂಚಿನ ತಳದ ಕಲ್ಲುಗಳೂ ಫೋಟೋಕ್ಕೆ ಸಿಗುತ್ತವೆ. ಕಡಲಿನ ಬದಿಗೆ, ಅದೂ ಸಂಜೆ ಹೊತ್ತು, ಇದನ್ನು ಕಳಚಿಡುವುದೇ ವಾಸಿ. ಹೊನ್ನಿನ ಮಿನುಗಿಲ್ಲದ ಮುಳುಗುಹೊತ್ತಿನ ಸಮುದ್ರ ಯಾರಿಗೆ ಬೇಕು?

ಸುಮಾರು ಒಂದರಿಂದ ಎರಡು ಸ್ಟಾಪ್ ಬೆಳಕನ್ನು ಪೋಲರೈಸರ್ ನುಂಗುತ್ತದೆ. ಕಾಡಿನ ನೆರಳಲ್ಲಿ ಟ್ರೈಪಾಡ್ ಇದ್ದರೆ ನೆಮ್ಮದಿ. ಇದನ್ನು ಹಾಕಿದಾಗ ನೀಲಿ ಆಕಾಶ ಸೂರ್ಯನಿಂದ 90 ಡಿಗ್ರಿ ಆಚೆ ಹೆಚ್ಚು ಗಾಢವಾಗುವುದರಿಂದ ವೈಡ್ ಲೆನ್ಸಿನಲ್ಲಿ ಅಸಹ್ಯವಾದ ಕಡುನೀಲಿ ಪಟ್ಟೆಯೊಂದು ಮೂಡುವುದುಂಟು. ಕಾಮನಬಿಲ್ಲು ಕಂಡರಂತೂ ಎಚ್ಚರ: ಒಂದು ಕಡೆ ತಿರುಗಿಸಿದರೆ ಬಿಲ್ಲೇ ಮಾಯ, ಇನ್ನೊಂದು ಕಡೆ ತಿರುಗಿಸಿದರೆ ಮತ್ತಷ್ಟು ಢಾಳು.