ಸಫಾರಿ ರ‍್ಯಾಲಿ: ದಾರಿ ಬಲ್ಲವರ ಗೆಲುವು

ಪೂರ್ವ ಆಫ್ರಿಕಾದ ಸಫಾರಿ ರ‍್ಯಾಲಿ ಎಂದರೆ ಜೀಬ್ರಾಗಳ ಮುಂದೆ ಧೂಳೆಬ್ಬಿಸಿ ಹಾಯುವ ಕಾರಿನ ಚಿತ್ರವೇ ಎಲ್ಲರಿಗೂ ನೆನಪಾಗುತ್ತದೆ. ನನಗೆ ಅದರ ಹಿರಿಮೆ ಕಾಣುವುದು ಗೆದ್ದವರ ಪಟ್ಟಿಯಲ್ಲಿ. 1953ರಿಂದ 1971ರವರೆಗೆ ಹೊರಗಿನಿಂದ ಬಂದ ಒಬ್ಬ ಚಾಲಕನೂ ಇಲ್ಲಿ ಗೆಲ್ಲಲಿಲ್ಲ. ಯುರೋಪಿನ ಹೆಸರಾಂತ ಚಾಲಕರು ವರ್ಷ ವರ್ಷವೂ ಬಂದು ಸೋತು ಹೋದರು. 1972ರಲ್ಲಿ ಫೋರ್ಡ್ ಎಸ್ಕಾರ್ಟ್ ಓಡಿಸಿದ ಹಾನು ಮಿಕ್ಕೊಲಾ ಆ ಸಾಲನ್ನು ಮುರಿದರು.

ಕಾರಣ ದಾರಿಯಲ್ಲೇ ಇತ್ತು. ಸುಮಾರು 5,000 ಕಿ.ಮೀ. ಓಟ, ಹಗಲೂ ರಾತ್ರಿಯೂ. ತಡವಾದ ಪ್ರತಿ ನಿಮಿಷಕ್ಕೂ ದಂಡ. ಓಟ ನಡೆಯುತ್ತಿದ್ದ ಈಸ್ಟರ್ ಹೊತ್ತಿಗೆ ಅಲ್ಲಿ ದೊಡ್ಡ ಮಳೆ ಹಿಡಿಯುತ್ತದೆ. ಬೆಳಿಗ್ಗೆ ಧೂಳಾಗಿದ್ದ ಎರೆನೆಲ ಮಧ್ಯಾಹ್ನ ಚಕ್ರವನ್ನು ಅಚ್ಚಿನವರೆಗೆ ಹಿಡಿದುಬಿಡುತ್ತದೆ. ಮಳೆಗಾಲದಲ್ಲಿ ಗದಗ, ಧಾರವಾಡದ ಹೊಲದ ದಾರಿ ತುಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1963ರಲ್ಲಿ ಎಂಬತ್ತಕ್ಕೂ ಹೆಚ್ಚು ಕಾರುಗಳು ಹೊರಟು ಏಳು ಮಾತ್ರ ಗುರಿ ಮುಟ್ಟಿದವು, 1968ರಲ್ಲೂ ಏಳೇ. ಎರಡೂ ಸಲ ಗೆದ್ದದ್ದು ನಿಕ್ ನೊವಿಕಿ, ಪ್ಯಾಡಿ ಕ್ಲಿಫ್ ಜೋಡಿಯ ಪೇಜೊ 404. ಎರಡೂ ಸಲ ಆ ಏಳರಲ್ಲಿ ಜೋಗಿಂದರ್ ಸಿಂಗ್ ಕೂಡ ಇದ್ದರು. ಇಂಥದ್ದು ಒಮ್ಮೆ ಅದೃಷ್ಟದಿಂದ ಆಗಬಹುದು, ಎರಡು ಸಲ ಆಗುವುದಿಲ್ಲ. ಯಾವ ಹಳ್ಳ ದಾಟಬಹುದು, ಎಲ್ಲಿ ಕಾದು ನಿಲ್ಲಬೇಕು, ಎಲ್ಲಿ ಗಾಡಿಯನ್ನು ಉಳಿಸಿಕೊಳ್ಳಬೇಕು ಎಂಬುದು ಅವರಿಗೆ ತಿಳಿದಿತ್ತು.

ಕೀನ್ಯಾದಲ್ಲೇ ಹುಟ್ಟಿದ ಜೋಗಿಂದರ್ ಮೆಕ್ಯಾನಿಕ್ ಕೆಲಸ ಬಲ್ಲವರು. 1965ರಲ್ಲಿ ತಮ್ಮ ಜಸ್ವಂತ್ ಜೊತೆ, ಆಗಲೇ ಬಳಸಿದ್ದ ಒಂದು ವೋಲ್ವೊದಲ್ಲಿ ಗೆದ್ದರು. ಮುಂದೆ 1974, 1976ರಲ್ಲಿ ಮಿತ್ಸುಬಿಶಿಯಲ್ಲಿ. ಉಗಾಂಡಾದಲ್ಲಿ ಹುಟ್ಟಿದ ಶೇಖರ್ ಮೆಹ್ತಾ 1973ರಲ್ಲೊಮ್ಮೆ, ಮತ್ತೆ 1979ರಿಂದ ಸತತ ನಾಲ್ಕು ಸಲ, ಒಟ್ಟು ಐದು ಬಾರಿ ಗೆದ್ದರು. ಮೆಹ್ತಾರ ಮೊದಲ ಗೆಲುವು ಇದಿ ಅಮೀನ್ ಏಷ್ಯನ್ನರನ್ನು ಉಗಾಂಡಾದಿಂದ ಹೊರಹಾಕಿದ ಮರುವರ್ಷವೇ ಬಂತು ಎಂಬುದನ್ನು ನಾನು ಮರೆಯಲಾರೆ.

ಇದೇ ಸ್ಪರ್ಧೆಯ ಕೊರತೆಯನ್ನೂ ಹೇಳಬೇಕು. ಜನ, ದನ, ಲಾರಿ ಓಡಾಡುವ ತೆರೆದ ರಸ್ತೆಯಲ್ಲೇ ರ‍್ಯಾಲಿ ನಡೆಯುತ್ತಿತ್ತು. ಆ ಅಪಾಯವನ್ನು ದಾರಿಬದಿಯ ಹಳ್ಳಿಗಳ ಮೇಲೆ ಹೇರಿದ್ದು ತಪ್ಪು. ಯಾವ ಸಾಹಸದ ಹೆಸರಿನಲ್ಲೂ ಅದನ್ನು ಸಮರ್ಥಿಸಲಾಗದು. ಆಮೇಲೆ ದೊಡ್ಡ ಕಂಪನಿಗಳ ತಂಡಗಳು ಮುಂದಿನ ದಾರಿಯಲ್ಲಿ ದನವಿದೆಯೇ, ಲಾರಿ ಬರುತ್ತಿದೆಯೇ ಎಂದು ಹೆಲಿಕಾಪ್ಟರಿನಿಂದ ನೋಡಿ ರೇಡಿಯೊದಲ್ಲಿ ಹೇಳತೊಡಗಿದವು. ಊರಿನವನ ಕಣ್ಣು ಮಾಡುತ್ತಿದ್ದ ಕೆಲಸವನ್ನು ಹಣ ಕೊಂಡುಕೊಂಡಿತು. ಸಫಾರಿಯ ನಿಜವಾದ ಇಳಿಗಾಲ ಅಲ್ಲಿಂದಲೇ ಶುರುವಾಯಿತೆಂದು ನನ್ನ ನಂಬಿಕೆ.

2002ರ ನಂತರ ವಿಶ್ವ ಚಾಂಪಿಯನ್‌ಷಿಪ್‌ನಿಂದ ಹೊರಬಿದ್ದ ಸಫಾರಿ, 2021ರಲ್ಲಿ ನೈವಾಷಾ ಸುತ್ತಮುತ್ತ ಮರಳಿತು. ರಸ್ತೆ ಮುಚ್ಚಿ ನಡೆಸುವ ಹಂತಗಳು, ಎಲ್ಲ ಸೇರಿ ಆ ವರ್ಷ ಸುಮಾರು 320 ಕಿ.ಮೀ. ರಸ್ತೆ ಮುಚ್ಚಿದ್ದು ನ್ಯಾಯ. ದೂರವನ್ನು ಇಷ್ಟು ಕತ್ತರಿಸಿದ್ದು ಮಾತ್ರ ನಷ್ಟ: ಇದು ಕಲ್ಲು, ಧೂಳಿನ ಕಷ್ಟದ ಓಟ ಹೌದು, ಆದರೆ ನಿದ್ದೆಗೆಟ್ಟ ಮೂರನೇ ರಾತ್ರಿ ಚಾಲಕ ತೆಗೆದುಕೊಳ್ಳುವ ತೀರ್ಮಾನಕ್ಕೆ ಇಲ್ಲಿ ಜಾಗವಿಲ್ಲ. 2024ರಲ್ಲಿ ರ‍್ಯಾಲಿಯನ್ನು ಮತ್ತೆ ಈಸ್ಟರ್‌ಗೆ ತಂದದ್ದು ಸರಿಯಾದ ಹೆಜ್ಜೆಯಾಗಿತ್ತು. ಮುಚ್ಚಿದ ರಸ್ತೆಗಳಲ್ಲೇ ಒಂದಾದರೂ ಇಡೀ ರಾತ್ರಿಯ ಓಟವನ್ನು ಸೇರಿಸಿದರೆ, ಕೀನ್ಯಾದ ಚಾಲಕರಿಗೆ ಅವರ ದಾರಿಯ ಅರಿವಿನ ಬೆಲೆ ಮತ್ತೆ ಸಿಕ್ಕೀತು.