ಇಳಿಜಾರು ಮುಚ್ಚಿಟ್ಟ ಕಾಯಿಲೆ

ಮೊನ್ನೆ ನೋಡಿದ ಜೀಪೊಂದು ನನ್ನ ಹಳೆಯ ಜಗಳವನ್ನು ಮತ್ತೆ ಎಬ್ಬಿಸಿದೆ.

ಆ ಜಗಳ ಇಳಿಜಾರಿನವರ ಜೊತೆ. ಮೂಡಿಗೆರೆಯಿಂದ ಕಳಸದವರೆಗೆ ಯಾವ ತೋಟದ ಅಂಗಳಕ್ಕೆ ಹೋದರೂ ಹಳೆ ಜೀಪು ಮೂತಿಯನ್ನು ಇಳಿಜಾರಿಗೆ ಮಾಡಿ, ಚಕ್ರಕ್ಕೊಂದು ಕಲ್ಲು ಕೊಟ್ಟುಕೊಂಡು ನಿಂತಿರುತ್ತದೆ. ಬೆಳಿಗ್ಗೆ ಕಲ್ಲು ತೆಗೆಯುವುದು, ಎರಡನೇ ಗೇರಿಗೆ ಹಾಕುವುದು, ನಾಲ್ಕು ಮಾರು ಉರುಳಿದ ಮೇಲೆ ಕ್ಲಚ್ ಬಿಡುವುದು. ಗಾಡಿ ಹಿಡಿದುಕೊಳ್ಳುತ್ತದೆ. "ನಮ್ಮ ಜೀಪಿಗೆ ಎಂಥ ತೊಂದರೆಯೂ ಇಲ್ಲ ಮಾರಾಯ್ರೆ" ಎನ್ನುತ್ತಾರೆ. ತೊಂದರೆ ಇದೆ. ಇಳಿಜಾರು ಅದನ್ನು ವರ್ಷಗಟ್ಟಲೆ ಮುಚ್ಚಿಡುತ್ತದೆ. ಸೆಲ್ಫ್ ಹೊಡೆದಾಗ ಗಾಡಿ ಹೇಳಬೇಕಾದ ಮಾತನ್ನು ಹೇಳುವುದಕ್ಕೇ ನಾವು ಬಿಡುವುದಿಲ್ಲ.

ಮೊನ್ನೆ ಆ ಜೀಪು ನೋಡಿದ ಹೊರನಾಡಿನ ಕಡೆಯ ತೋಟದಲ್ಲೂ ಆದದ್ದು ಇದೇ. ಜಡಿಮಳೆ ಹಿಡಿದ ಮೇಲೆ ಇಳಿಜಾರಿನ ಕೆಂಪು ಮಣ್ಣು ಸೋಪಿನಂತಾಯಿತು. ಕ್ಲಚ್ ಬಿಟ್ಟರೆ ಎಂಜಿನ್ ತಿರುಗುವುದರ ಬದಲು ಚಕ್ರ ಕಚ್ಚಿಕೊಂಡು ಜಾರತೊಡಗಿತು. ಬೇರೆ ದಾರಿ ಕಾಣದೆ ಜೀಪನ್ನು ಪಲ್ಪರ್ ಮನೆಯ ಪಕ್ಕದ ಸಮತಟ್ಟಿಗೆ ತಂದು ನಿಲ್ಲಿಸಿದರು. ಅಲ್ಲಿಂದ ಅದು ಮಿಸುಕಲಿಲ್ಲ.

ಗಾಡಿ ಮಹೀಂದ್ರದ ಸಿಜೆ3ಬಿ. 1953ರಲ್ಲಿ ವಿಲ್ಲಿಸ್‌ನವರು ಹರಿಕೇನ್ ಎಂಜಿನ್ನಿಗೆ ಜಾಗ ಮಾಡಲು ಬಾನೆಟ್ ಎತ್ತರಿಸಿದ ಮಾದರಿ ಇದು. ಇನ್‌ಟೇಕ್ ವಾಲ್ವ್ ಮೇಲೆ ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವ್ ಪಕ್ಕದ ಬ್ಲಾಕಿನಲ್ಲಿ. ಇಷ್ಟು ಸರಳ, ಇಷ್ಟು ತಾಳ್ಮೆಯ ಎಂಜಿನ್ ಈ ಗುಡ್ಡಗಳಿಗೆ ಮತ್ತೊಂದು ಬಂದಿಲ್ಲ ಎಂಬುದು ನನ್ನ ನಂಬಿಕೆ. ಪೇಟೆಯ ಮೆಕ್ಯಾನಿಕ್ ಆಗಲೇ ಪ್ಲಗ್, ಪಾಯಿಂಟ್, ಕಾಯಿಲ್ ಎಲ್ಲ ಹೊಸದು ಹಾಕಿದ್ದರು. ಕಾರ್ಬ್ಯುರೇಟರ್ ಬಿಚ್ಚಿ ತೊಳೆದಿದ್ದರು. ವರ್ಷದೊಳಗೆ ಎರಡು ಬ್ಯಾಟರಿ ಬದಲಾಗಿತ್ತು. ನಾನೂ ಫೀಲರ್ ಗೇಜ್ ಹಾಕಿ ನೋಡಿದೆ: ಪಾಯಿಂಟ್ 0.020 ಇಂಚು, ಪ್ಲಗ್ 0.030. ಮ್ಯಾನ್ಯುಯಲ್ ಹೇಳಿದ ಅಳತೆಯೇ. ವೈರುಗಳೂ 1-3-4-2ರ ಸಾಲಿನಲ್ಲೇ ಇದ್ದವು. ಆ ಮೆಕ್ಯಾನಿಕ್‌ನ ಕೆಲಸದಲ್ಲಿ ಕೊರತೆ ಇರಲಿಲ್ಲ.

ಸೆಲ್ಫ್ ಹೊಡೆಸಿದೆ. ಹೊಟ್ಟೆ ತುಂಬಿದ ಎಮ್ಮೆ ಏಳುವ ಹಾಗೆ ಎಂಜಿನ್ ಒಂದು ಸುತ್ತು ಬಂದು ಉಸ್ಸೆಂದಿತು. ಬ್ಯಾಟರಿ ಡೌನ್ ಎಂದು ಯಾರಾದರೂ ಹೇಳುವ ಸದ್ದು ಅದು. ಆದರೆ ಸೆಲ್ಫ್ ಹೊಡೆಯುವಾಗಲೂ ಬ್ಯಾಟರಿಯ ಬುಡದಲ್ಲಿ ಮೀಟರ್ 11 ವೋಲ್ಟ್ ತೋರಿಸುತ್ತಿತ್ತು. ಅಂದರೆ ಬ್ಯಾಟರಿ ಗಟ್ಟಿಯಿದೆ, ಅದರ ಶಕ್ತಿ ಎಂಜಿನ್ನಿಗೆ ಮುಟ್ಟುತ್ತಿಲ್ಲ.

ಆಗ ಸೀಟಿನಲ್ಲಿದ್ದ ತೋಟದ ಡ್ರೈವರ್ ಒಂದು ಮಾತು ಹೇಳಿದರು. "ಸಾರ್, ಸೆಲ್ಫ್ ಹೊಡ್ದಾಗೆಲ್ಲ ಈ ಚೋಕ್ ವೈರ್ ಬಿಸಿ ಆಗ್ತದೆ."

ಮುಟ್ಟಿ ನೋಡಿದೆ. ಕಾಫಿ ಲೋಟದಷ್ಟು ಬಿಸಿ. ಚೋಕ್ ವೈರಿಗೆ ಕರೆಂಟಿನ ಸಂಬಂಧವೇ ಇಲ್ಲ. ಅದು ಬರೀ ಎಳೆಯುವ ತಂತಿ. ಬಿಸಿಯಾಗಬೇಕಾದರೆ ಅದರಲ್ಲಿ ಕರೆಂಟು ಹರಿಯುತ್ತಿರಬೇಕು. ಯಾಕೆ ಹರಿಯುತ್ತದೆ? ಹೋಗಬೇಕಾದ ದಾರಿ ಮುಚ್ಚಿದೆ, ಅದಕ್ಕೆ.

ಎಂಜಿನ್ ಕೂತಿರುವುದು ರಬ್ಬರ್ ಮೌಂಟಿಂಗ್ ಮೇಲೆ. ರಬ್ಬರಿನಲ್ಲಿ ಕರೆಂಟು ಹರಿಯುವುದಿಲ್ಲ. ಅದಕ್ಕೇ ಎಂಜಿನ್ನಿನಿಂದ ಚಾಸಿಗೆ ಜಡೆ ಹೆಣೆದಂಥ ತಾಮ್ರದ ಅರ್ತ್ ಪಟ್ಟಿ ಕೊಟ್ಟಿರುತ್ತಾರೆ. ಸೆಲ್ಫ್ ಎಳೆಯುವ ನೂರಕ್ಕೂ ಮೀರಿದ ಆಂಪಿಯರ್ ಬ್ಯಾಟರಿಗೆ ಮರಳುವುದು ಆ ಪಟ್ಟಿಯಲ್ಲಿ. ಡಿಸ್ಟ್ರಿಬ್ಯೂಟರ್ ಎಂಜಿನ್ ಮೇಲೆ ಕೂತಿರುವುದರಿಂದ ಕಾಯಿಲ್ಲಿನ ಕರೆಂಟು ಮರಳುವುದೂ ಅದರಲ್ಲೇ. ಮಲಗಿ ಗಾಡಿಯಡಿ ನುಗ್ಗಿದೆ. ಮೆತ್ತಿದ್ದ ಕೆಸರನ್ನು ಸ್ಕ್ರೂಡ್ರೈವರಿನಿಂದ ಕೆರೆದರೆ ಒಳಗೆ ಪಟ್ಟಿ ಪೂರ್ತಿ ಹಸಿರು ಕಿಲುಬು. ಬೆರಳಲ್ಲಿ ಉಜ್ಜಿದರೆ ಪುಡಿ ಉದುರಿತು. ನಾಲ್ಕೈದು ಎಳೆ ಮಾತ್ರ ಜೀವ ಹಿಡಿದುಕೊಂಡಿದ್ದವು. ಬ್ಯಾಟರಿಯ ನೆಗೆಟಿವ್‌ಗೂ ಎಂಜಿನ್ ಬ್ಲಾಕಿಗೂ ಮೀಟರ್ ಕೊಟ್ಟು ಸೆಲ್ಫ್ ಹೊಡೆಸಿದಾಗ 3 ವೋಲ್ಟ್ ದಾಟಿತು. ಅಲ್ಲಿ ಅರ್ಧ ವೋಲ್ಟ್ ಮೀರುವಂತಿಲ್ಲ.

ಇಳಿಜಾರಿನಲ್ಲಿ ಇದೇ ಗಾಡಿ ಹೇಗೆ ಸ್ಟಾರ್ಟ್ ಆಗುತ್ತಿತ್ತು ಎಂದು ತೋಟದ ರೈಟರು ಕೇಳಿದರು. ಸರಿಯಾದ ಪ್ರಶ್ನೆ. ಉರುಳುವಾಗ ಸೆಲ್ಫ್ ಕೆಲಸ ಮಾಡುವುದಿಲ್ಲ. ಕಾಯಿಲ್ಲಿಗೆ ಬೇಕಾದ ಮೂರು ನಾಲ್ಕು ಆಂಪಿಯರಿಗೆ ಆ ಉಳಿದ ಎಳೆಗಳೇ ಸಾಕು. ಪ್ಲಗ್ಗಿನಲ್ಲಿ ಕಿಡಿ ನೀಲಿಯಾಗಿ ಬೀಳುತ್ತದೆ. ಸೆಲ್ಫ್ ಹೊಡೆದ ಕ್ಷಣ ಅದೇ ಎಳೆಗಳ ಮೇಲೆ ಇಡೀ ಹೊರೆ ಬಿದ್ದು, ಸೆಲ್ಫಿಗೂ ಅರೆಹೊಟ್ಟೆ, ಕಾಯಿಲ್ಲಿಗೂ ಅರೆಹೊಟ್ಟೆ. ಆ ಅಂಗಳ ಸಮತಟ್ಟಾಗಿದ್ದರೆ ಎರಡು ಬ್ಯಾಟರಿಯ ದುಡ್ಡು ಉಳಿಯುತ್ತಿತ್ತು.

ಎಂಎಂ540 ಇಟ್ಟುಕೊಂಡವರು, ಸಂಸೆಯಿಂದ ಮುಳ್ಳೋಡಿಗೆ ಚಾರಣಿಗರನ್ನು ಹೊರುವವರು, ನಮ್ಮದು ಡೀಸೆಲ್ ಎಂದು ಸುಮ್ಮನಿರಬೇಡಿ. ಪ್ಯೂಜೋ ಎಂಜಿನ್ನಿನ ಹೀಟರ್ ಪ್ಲಗ್ಗುಗಳ ಕರೆಂಟು ಮರಳುವುದೂ ಇದೇ ಅರ್ತಿನಲ್ಲಿ. ಅದು ಕೆಟ್ಟರೆ ಹೀಟರ್ ಸರಿಯಾಗಿ ಕಾಯುವುದಿಲ್ಲ, ಎಂಜಿನ್ ನಿಧಾನ ತಿರುಗಿ ಕಂಪ್ರೆಶನ್ನಿನ ಶಾಖವೂ ಸಾಲುವುದಿಲ್ಲ. ನೀವು ಏರ್ ಹಿಡಿದಿದೆ ಎಂದುಕೊಂಡು ಚಳಿಯಲ್ಲಿ ಪೈಪು ಬಿಚ್ಚುತ್ತ ಕೂರುತ್ತೀರಿ.

ಹೊಸ ಪಟ್ಟಿ ಕೈಯಲ್ಲಿರಲಿಲ್ಲ. ಹಳೆ ಬ್ಯಾಟರಿ ಕೇಬಲ್ ಒಂದನ್ನು ಕತ್ತರಿಸಿ, ಚಾಸಿಯ ಬಣ್ಣವನ್ನು ಬಿಳಿ ಲೋಹ ಕಾಣುವವರೆಗೆ ಕೆರೆದು, ನಟ್ಟು ಬಿಗಿದು ಮೇಲೆ ಗ್ರೀಸ್ ಮೆತ್ತಿದೆ. ಡ್ರೈವರ್ ಸೆಲ್ಫ್ ಹೊಡೆದರು. ಎರಡೇ ಸುತ್ತಿಗೆ ಹರಿಕೇನ್ ಹಿಡಿದುಕೊಂಡಿತು. ಅವರು ಎಂಜಿನ್ ಸದ್ದಿಗೆ ಕಿವಿ ಕೊಡಲಿಲ್ಲ, ಚೋಕ್ ವೈರನ್ನು ಮುಟ್ಟಿ ನೋಡಿದರು.

"ತಣ್ಣಗಿದೆ ಸಾರ್."