ಕತ್ತಿಗೆ ಮುನ್ನ ಪತ್ರಪರೀಕ್ಷೆ: ಬೀದರ ನಾಡಿನ ಹಿಂಸೆ ಮತ್ತು ಸಂಶೋಧನೆಯ ಹೊಣೆ

ಬೀದರ ಕೋಟೆಗೆ ಹೋಗುವ ದಾರಿಯಲ್ಲಿ ಇಂದಿಗೂ ನಿಂತಿರುವ ಮಹಮೂದ ಗವಾನನ ಮದರಸಾ 1472ರಲ್ಲಿ ಪೂರ್ಣಗೊಂಡ ವಿದ್ಯಾಮಂದಿರ. ಅದನ್ನು ಕಟ್ಟಿಸಿದ ವೃದ್ಧ ಮಂತ್ರಿಯು ಒಂಬತ್ತು ವರ್ಷಗಳ ತರುವಾಯ, 1481ರಲ್ಲಿ, ತನ್ನ ಅರಸನ ಆಜ್ಞೆಯಿಂದಲೇ ಹತನಾದನು. ಓಡಿಶಾದ ಅರಸನಿಗೆ ಅವನು ರಾಜದ್ರೋಹದ ಪತ್ರ ಬರೆದನೆಂಬುದು ಆರೋಪ. ಮುದ್ರೆ ಗವಾನನದೇ; ಬರೆಹ ಮಾತ್ರ ಅವನದಲ್ಲ. ಮುದ್ರೆಯ ಕಾವಲಿನವನನ್ನು ವಶಮಾಡಿಕೊಂಡು ವಿರೋಧಿಗಳು ಸೃಷ್ಟಿಸಿದ ಕೃತಕ ಪತ್ರವದು. ಅರಸನು ಪತ್ರವನ್ನು ಪರೀಕ್ಷಿಸಲಿಲ್ಲ, ಕತ್ತಿಯನ್ನು ಕರೆದನು. ನಿಜ ತಿಳಿದ ಮೇಲೆ ಮರುಗಿ, ಮರುವರ್ಷವೇ ತೀರಿಕೊಂಡನೆಂದು ಇತಿಹಾಸಕಾರರು ಹೇಳುತ್ತಾರೆ. ವಿದ್ಯೆಯ ಊರಿನಲ್ಲಿ ವಿದ್ಯೆಯ ಮೊದಲ ಪಾಠವೇ ಮರೆತುಹೋದ ಪ್ರಸಂಗವಿದು.

ಉಗ್ರಹಿಂಸೆಯನ್ನು ಎದುರಿಸುವುದು ಪೊಲೀಸರ ಕೆಲಸ, ನ್ಯಾಯಾಲಯಗಳ ಕೆಲಸ. ಅದರಲ್ಲಿ ಹಸ್ತಪ್ರತಿ ಓದುವವರಿಗೆ, ಶಾಸನ ಬಿಡಿಸುವವರಿಗೆ ಏನು ಕೆಲಸ ಎಂದು ಹಲವರು ಕೇಳುವುದುಂಟು. ಹಿಂಸೆ ಬರಿಗೈಯಿಂದ ಹೊರಡುವುದಿಲ್ಲ. ಅದರ ಕೈಯಲ್ಲಿ ಮೊದಲು ಒಂದು ಕಥೆಯಿರುತ್ತದೆ, ಆಮೇಲೆ ಆಯುಧ ಬರುತ್ತದೆ. ಆ ಕಥೆಯ ಪಾಠವನ್ನು ಪರೀಕ್ಷಿಸುವುದು ಸಂಶೋಧಕನ ಸ್ವಧರ್ಮವೆಂಬುದೇ ಪ್ರಸ್ತುತ ಲೇಖನದ ಅಭಿಪ್ರಾಯ.

ಪರರ ಕಥೆಗೆ ಕೈಯಿಡುವ ಮೊದಲು ನಮ್ಮ ಮನೆಯ ಕಥೆಯನ್ನು ನೋಡುವುದು ಲೇಸು. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಹರಳಯ್ಯ ಮಧುವಯ್ಯರಿಗೆ ಒದಗಿದ ಕ್ರೂರ ಶಿಕ್ಷೆಯನ್ನು ನಾವೆಲ್ಲ ಬಲ್ಲೆವು. ಅದಕ್ಕೆ ಪ್ರತಿಯಾಗಿ ಜಗದೇವ ಮೊದಲಾದವರು ಬಿಜ್ಜಳನನ್ನು ಕೊಂದರೆಂದು ನಮ್ಮ ಪುರಾಣಗಳು ಹೇಳುತ್ತವೆ. ಅದನ್ನು ಭಕ್ತಿಯ ಪರಾಕಾಷ್ಠೆಯೆಂಬಂತೆ ವರ್ಣಿಸುತ್ತವೆ. ಜೈನ ಪರಂಪರೆಯ ಕಥನ ಬೇರೆಯೇ ದಾರಿ ಹಿಡಿಯುತ್ತದೆ. 1968ರಲ್ಲಿ ಬಸವೇಶ್ವರರ ಕಾಲವನ್ನು ಕುರಿತು ಗ್ರಂಥ ರಚಿಸಿದ ಡಾ. ಪಿ. ಬಿ. ದೇಸಾಯಿಯವರಂಥ ವಿದ್ವಾಂಸರು ಶಾಸನಗಳನ್ನು ಮುಂದಿಟ್ಟುಕೊಂಡು ಈ ಕಥನಗಳನ್ನು ತೂಗಿನೋಡಿದರು. ಇದರಿಂದ ಶರಣರ ಗೌರವಕ್ಕೆ ಕುಂದು ಬಂದಿತೇ? ಇಲ್ಲ. ಪುರಾಣಕಾರನ ಆವೇಶ ಯಾವುದು, ವಚನಕಾರನ ನಿಲುವು ಯಾವುದು ಎಂಬ ವಿವೇಕ ಅದರಿಂದ ಸಾಧ್ಯವಾಯಿತು. ಕೊಲೆಯನ್ನು ಕೈಲಾಸದ ಮೆಟ್ಟಿಲೆಂದು ಹೊಗಳುವ ಪುರಾಣದ ಭಾಗಗಳನ್ನು ದಯೆಯನ್ನೇ ಧರ್ಮದ ಬೇರಾಗಿ ಕಂಡವರ ಬಾಯಿಗೆ ಕಟ್ಟುವುದು ತಪ್ಪು. ಈ ವಿವೇಚನೆಯನ್ನು ನಮ್ಮ ಗ್ರಂಥಗಳಿಗೆ ಅನ್ವಯಿಸಲಾರದವರಿಗೆ ಅನ್ಯರ ಗ್ರಂಥಗಳ ಉಗ್ರತೆಯನ್ನು ಎತ್ತಿ ತೋರಿಸುವ ಅಧಿಕಾರವಿಲ್ಲ.

ಈಗ ಸಮೀಪದ ಗಾಯಕ್ಕೆ ಬರೋಣ. ನಾನು ಔರಾದ ತಾಲೂಕಿನ ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದಾಗ ಒಂಬತ್ತನೆಯ ತರಗತಿಯ ಮಕ್ಕಳಿಗೆ, 1948ನ್ನು ಕುರಿತು ಮನೆಯ ಹಿರಿಯರಿಂದ ಕೇಳಿದ್ದನ್ನು ಬರೆದು ತರಲು ಹೇಳಿದೆ. ಒಂದೇ ಬೆಂಚಿನ ಇಬ್ಬರು ಹುಡುಗರು ಬರೆದು ತಂದರು. ಒಬ್ಬನ ಬರೆಹ ರಜಾಕಾರರ ದಾಳಿಯಿಂದ ಆರಂಭವಾಗಿ, ಸೆಪ್ಟೆಂಬರಿನಲ್ಲಿ ಧ್ವಜವೇರುವುದರೊಂದಿಗೆ ಮುಗಿದಿತ್ತು. ಇನ್ನೊಬ್ಬನ ಬರೆಹ ಆ ಸೆಪ್ಟೆಂಬರಿನಲ್ಲಿಯೇ ಆರಂಭವಾಗಿತ್ತು. ಅವನ ಮುತ್ತಜ್ಜ ಜೋಳದ ಹೊಲದಿಂದ ಮರಳಿ ಬರಲಿಲ್ಲವೆಂಬುದೇ ಅದರ ಮೊದಲ ವಾಕ್ಯ. ನಾನು ಮೊದಲನೆಯದನ್ನು ತರಗತಿಯಲ್ಲಿ ಓದಿಸಿದೆ. ಎರಡನೆಯದನ್ನು ಮೇಜಿನ ಖಾನೆಯಲ್ಲಿಟ್ಟೆ. ಗಲಾಟೆಯಾದೀತೆಂಬ ಭಯ ನನಗಿತ್ತು. ಆ ಹುಡುಗ ಏನೂ ಕೇಳಲಿಲ್ಲ. ಅವನು ಕೇಳದೆ ಉಳಿದುದು ಈಗಲೂ ನನ್ನನ್ನು ಬಾಧಿಸುತ್ತದೆ.

ಎರಡೂ ಬರೆಹಗಳಲ್ಲಿ ಸುಳ್ಳಿರಲಿಲ್ಲ. ದೋಷವಿದ್ದುದು ಆದಿ ಅಂತ್ಯಗಳ ಆಯ್ಕೆಯಲ್ಲಿ. 1948ರ ಮೇ ತಿಂಗಳಲ್ಲಿ ಗೋರ್ಟಾ ಗ್ರಾಮದಲ್ಲಿ ರಜಾಕಾರರು ನಡೆಸಿದ ಹತ್ಯಾಕಾಂಡ ನಿಜ. ಇನ್ನೂರಕ್ಕೂ ಹೆಚ್ಚು ಜನ ಮಡಿದರೆಂಬುದು ಈ ಭಾಗದ ನೆನಪು. 2023ರಲ್ಲಿ ಅಲ್ಲಿ ಹುತಾತ್ಮರ ಸ್ಮಾರಕ ಉದ್ಘಾಟನೆಯಾಯಿತು, ಅದು ಯೋಗ್ಯವಾದುದೇ. ಆದರೆ 1948ರ ಸೆಪ್ಟೆಂಬರ್ 13ರಂದು ಆರಂಭವಾದ ಪೊಲೀಸ್ ಕಾರ್ಯಾಚರಣೆಯ ತರುವಾಯ ನಡೆದುದೂ ನಿಜ. ಅದನ್ನು ತಿಳಿಯಲು ಪ್ರಧಾನಿ ನೆಹರೂ ಅವರು ಕಳುಹಿಸಿದ ಪಂಡಿತ ಸುಂದರಲಾಲ, ಕಾಜಿ ಅಬ್ದುಲ್ ಗಫಾರ್, ಮೌಲಾನಾ ಅಬ್ದುಲ್ಲಾ ಮಿಸ್ರಿಯವರ ತಂಡ 1948ರ ಕೊನೆಯಲ್ಲಿ ಸಂಸ್ಥಾನದ 16 ಜಿಲ್ಲೆಗಳ ಪೈಕಿ 9ರಲ್ಲಿ ಸಂಚರಿಸಿತು. ಎಚ್ಚರಿಕೆಯ ಅಂದಾಜಿನಲ್ಲಿಯೂ 27,000ದಿಂದ 40,000 ಜನ ಸತ್ತರೆಂದು, ಅತಿ ಹೆಚ್ಚು ಹಾನಿಗೊಳಗಾದ ಜಿಲ್ಲೆಗಳು ಉಸ್ಮಾನಾಬಾದ, ಗುಲಬರ್ಗಾ, ಬೀದರ ಮತ್ತು ನಾಂದೇಡವೆಂದು ಅದು ವರದಿ ಮಾಡಿತು. ರಜಾಕಾರರ ದೌರ್ಜನ್ಯವನ್ನು ಅದು ಮರೆಮಾಚಲಿಲ್ಲ. ವರದಿ ಬಹುಕಾಲ ಕಡತಗಳಲ್ಲಿ ಉಳಿಯಿತು. 2013ರಲ್ಲಿ ಪ್ರಕಟವಾದ ಎ. ಜಿ. ನೂರಾನಿಯವರ ಗ್ರಂಥದ ಮೂಲಕ ಸಾಮಾನ್ಯ ವಾಚಕರ ಕೈಗೆ ಬಂದಿತು.

ಈ ನಾಡಿನ 1948ನ್ನು ಕುರಿತ ಸ್ಮರಣೆಯ ಬರೆಹಗಳನ್ನು ವಿಮರ್ಶೆಯ ಕಣ್ಣಿನಿಂದ ಓದಿದರೆ ಕಾಣುವ ದೊಡ್ಡ ಕೊರತೆ ಆ ಇಬ್ಬರು ಹುಡುಗರದೇ ಕೊರತೆ. ಒಂದು ಪಕ್ಷದ ಕಥೆ ಮುಗಿಯುವಲ್ಲಿ ಇನ್ನೊಂದು ಪಕ್ಷದ ಕಥೆ ತೊಡಗುತ್ತದೆ. ಎರಡೂ ಒಂದೇ ಹೊತ್ತಗೆಯಲ್ಲಿ ಸೇರುವುದಿಲ್ಲ. ಅರ್ಧ ಕಥೆ ಕೇಳಿ ಬೆಳೆದವನಿಗೆ ತನ್ನ ಹಿರಿಯರು ಬರಿಯ ಬಲಿಗಳಾಗಿಯೂ ನೆರೆಯವರ ಹಿರಿಯರು ಬರಿಯ ಕೊಲೆಗಾರರಾಗಿಯೂ ಕಾಣುತ್ತಾರೆ. ಉಗ್ರವಾದಿ ಸಂಘಟನೆ ಯಾವ ಬಣ್ಣದ್ದಾದರೂ ಹುಡುಕುವುದು ಇಂಥ ಅರ್ಧ ಕಥೆಯ ತರುಣನನ್ನೇ. ಭಯೋತ್ಪಾದನೆಯ ಕಾರಣಗಳನ್ನು ಕುರಿತು 1981ರಲ್ಲಿ ಬರೆದ ಅಮೆರಿಕದ ವಿದುಷಿ ಮಾರ್ಥಾ ಕ್ರೆನ್‌ಶಾ ಅವರು, ಅಂಥವರಲ್ಲಿ ಎದ್ದುಕಾಣುವ ಸಾಮಾನ್ಯ ಲಕ್ಷಣವೆಂದರೆ ಅವರ ಸಾಧಾರಣತೆಯೇ ಎಂದು ತೋರಿಸಿದರು. ರಾಕ್ಷಸರನ್ನು ಹುಡುಕಿ ಹೊರಟವನಿಗೆ ಪಕ್ಕದ ಮನೆಯ ಹುಡುಗ ಕಾಣುವುದಿಲ್ಲ.

ಸಂಶೋಧನೆಯಿಂದ ಮತ್ತೊಂದು ಉಪಕಾರವುಂಟು: ಅದು ಅಪವಾದಗಳನ್ನು ಕಾಪಾಡುತ್ತದೆ. ಮುಸ್ಲಿಂ ನೇಯ್ಗೆಯವರನ್ನು ಉಳಿಸಲು ಹಿಂದೂ ನೇಯ್ಗೆಯವರು ಪ್ರಾಣವನ್ನೂ ತೆತ್ತರೆಂಬ ಸಂಗತಿಯನ್ನು ಸುಂದರಲಾಲರ ವರದಿ ದಾಖಲಿಸಿದೆ. ದಾಸಿಮಯ್ಯನ ಕಾಯಕವನ್ನು ನೆನೆಯುವ ನಮಗೆ ಇದು ಸಣ್ಣ ಮಾತಲ್ಲ. ಇತ್ತ ರಜಾಕಾರರನ್ನು ತನ್ನ ಉರ್ದು ಪತ್ರಿಕೆಯಲ್ಲಿ ಖಂಡಿಸಿದ ಶೋಯೆಬುಲ್ಲಾ ಖಾನ್ 1948ರ ಆಗಸ್ಟ್ 22ರಂದು ಹೈದರಾಬಾದಿನಲ್ಲಿ ಕೊಲೆಯಾದನು. ಆರು ನಗರಗಳನ್ನು ಜೋಡಿ ಜೋಡಿಯಾಗಿ ಹೋಲಿಸಿ 2002ರಲ್ಲಿ ಅಶುತೋಷ್ ವಾರ್ಷ್ಣೇಯರು ಪ್ರಕಟಿಸಿದ ಅಧ್ಯಯನವೂ ಇದನ್ನೇ ಬೇರೆ ಬಗೆಯಿಂದ ಹೇಳುತ್ತದೆ: ವ್ಯಾಪಾರ, ಕಸುಬು, ಸಂಘಗಳಲ್ಲಿ ಎರಡೂ ಕೋಮಿನವರು ಕೂಡಿ ದುಡಿಯುವ ಊರುಗಳು ಗಲಭೆಯನ್ನು ತಡೆದುಕೊಳ್ಳುತ್ತವೆ. ಅಷ್ಟೂರಿನ ಉರುಸಿನಲ್ಲಿ ಜಂಗಮರಿಗೆ ಇಂದಿಗೂ ಸಲ್ಲುವ ಸ್ಥಾನವನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಆದರೆ ಕಂಡುದನ್ನು ದಾಖಲಿಸಬೇಕು.

ಸಂಶೋಧನೆಗೆ ತೆರಬೇಕಾದ ಬೆಲೆಯನ್ನೂ ಮರೆಯಲಾಗದು. ವಚನ ಸಂಪುಟಗಳ ಸಂಪಾದನೆಗೆ ಜೀವ ಸವೆಸಿದ ಡಾ. ಎಂ. ಎಂ. ಕಲಬುರ್ಗಿಯವರು 2015ರ ಆಗಸ್ಟ್ 30ರಂದು ಧಾರವಾಡದ ತಮ್ಮ ಮನೆಯ ಬಾಗಿಲಲ್ಲಿ ಗುಂಡಿಗೆ ಬಲಿಯಾದರು. 2017ರಲ್ಲಿ ಗೌರಿ ಲಂಕೇಶರನ್ನು ಕೊಂದುದೂ ಅದೇ ಪಿಸ್ತೂಲೆಂದು ವಿಧಿವಿಜ್ಞಾನ ಪ್ರಯೋಗಾಲಯ ಪತ್ತೆಹಚ್ಚಿತು. ಇದೂ ಒಂದು ಬಗೆಯ ಪಾಠಪರೀಕ್ಷೆಯೇ. ಆದರೆ 1989ರಲ್ಲಿ ‘ಮಾರ್ಗ’ದ ಲೇಖನಗಳಿಗಾಗಿ ಅವರನ್ನು ಮಾತು ಹಿಂತೆಗೆದುಕೊಳ್ಳುವಂತೆ ಒತ್ತಾಯಿಸಿದವರು ಹೊರಗಿನವರಲ್ಲ, ನಮ್ಮ ಸಮಾಜದವರೇ. ಒತ್ತಾಯಕ್ಕೂ ಗುಂಡಿಗೂ ಅಂತರ ಬಹಳ. ಆದರೂ ಪ್ರಶ್ನೆ ಕೇಳಿದವನ ಬಾಯಿ ಮುಚ್ಚಿಸಬಹುದೆಂಬ ಅಭ್ಯಾಸಕ್ಕೆ ನಾವು ಒಂದು ಕಲ್ಲು ಇಟ್ಟೆವೆಂಬುದನ್ನು ಪ್ರಾಂಜಲವಾಗಿ ಒಪ್ಪಿಕೊಳ್ಳಬೇಕು.

ಹಳೆಯ ಗಾಯವನ್ನು ಕೆದಕುವುದರಿಂದಲೇ ಹಿಂಸೆ ಮರುಕಳಿಸದೇ ಎಂಬ ಆಕ್ಷೇಪಕ್ಕೆ ಉತ್ತರ ಹೇಳಬೇಕು. ಕೆದಕುವುದಕ್ಕೂ ತೊಳೆಯುವುದಕ್ಕೂ ವ್ಯತ್ಯಾಸವುಂಟು. ಗುಂಪು ಬೀದಿಗೆ ಇಳಿದಾಗ ಯಾವ ಪ್ರಬಂಧವೂ ಅದನ್ನು ನಿಲ್ಲಿಸಲಾರದು, ನಿಜ. ಸಂಶೋಧನೆಯ ಫಲ ನಿಧಾನವಾದುದು; ಅದು ಮುಂದಿನ ತಲೆಮಾರಿನ ತರಗತಿಯಲ್ಲಿ ಕಾಣುತ್ತದೆ.

ಈ ಕಾರ್ಯಕ್ಕೆ ಬೇಕಾದ ಸಾಮಗ್ರಿ ನಾಲ್ಕು ಭಾಷೆಗಳಲ್ಲಿ ಹರಡಿದೆ. 1956ರಲ್ಲಿ ಹೈದರಾಬಾದ ಸಂಸ್ಥಾನ ಹಂಚಿಹೋದಾಗ ಹಳೆಯ ಬೀದರ ಜಿಲ್ಲೆಯೂ ಮೂರು ರಾಜ್ಯಗಳಿಗೆ ಹಂಚಿಹೋಯಿತು. ಕನ್ನಡ, ಉರ್ದು, ಮರಾಠಿ, ತೆಲುಗುಗಳನ್ನು ಕೂಡಿಸಿ ಓದುವವರು ಬೇಕು. ನಮ್ಮ ಸಾಹಿತ್ಯ ವಿದ್ಯಾರ್ಥಿಗಳು ಉರ್ದುವನ್ನು ರಜಾಕಾರರ ಭಾಷೆಯೆಂದು ದೂರವಿಡುವುದು ಸಲ್ಲದು. ಅದು ಶೋಯೆಬುಲ್ಲಾನ ಭಾಷೆಯೂ ಹೌದು. ನಿಜಾಮನ ಕಾಲದಲ್ಲಿ ಹೊರಗೆ ಉರ್ದು ಫಲಕವಿಟ್ಟು ಒಳಗೆ ಕನ್ನಡ ಕಲಿಸಿದ ಭಾಲ್ಕಿಯ ಲಿಂಗೈಕ್ಯ ಡಾ. ಚನ್ನಬಸವ ಪಟ್ಟದ್ದೇವರ ಹೆಸರಿನೊಡನೆ ಕೂಡಿಬಂದ ವಿದ್ಯಾಸಂಸ್ಥೆಯ ಹೆಸರು ‘ಶಾಂತಿವರ್ಧಕ’. ಭಾಷೆಯ ಮೇಲೆ ಅನ್ಯಾಯ ನಡೆದಿದ್ದ ನಾಡಿನಲ್ಲಿ ಆರಿಸಿಕೊಂಡ ಹೆಸರದು.

ಗೋರ್ಟಾದ ಸ್ಮಾರಕಕ್ಕೆ ಹೂವಿಡುವ ಕೈ ಸೆಪ್ಟೆಂಬರಿನ ನಂತರದ ಪುಟವನ್ನೂ ತಿರುವಬೇಕು. ಆ ಪುಟವನ್ನೇ ಓದಿ ಬೆಳೆದ ಕೈ ಮೇ ತಿಂಗಳ ಪುಟವನ್ನೂ ತಿರುವಬೇಕು. ಭಾಲ್ಕಿ, ಔರಾದ, ಬೀದರಿನ ತರುಣ ಅಧ್ಯಾಪಕರು, ಇನ್ನೂ ಉಳಿದಿರುವ ವಯೋವೃದ್ಧರ ಬಾಯಿಂದ ಎರಡನ್ನೂ ಬರೆದುಕೊಂಡು ಒಂದೇ ಹೊತ್ತಗೆಯಲ್ಲಿ ಕಟ್ಟಲಿ. ನಿವೃತ್ತಿಯ ದಿನ ಮೇಜಿನ ಖಾನೆ ತೆರವು ಮಾಡುವಾಗ ಆ ಹುಡುಗನ ಬರೆಹ ಸಿಕ್ಕಿತು. ಅದನ್ನು ಜೋಪಾನವಾಗಿ ಇಟ್ಟುಕೊಂಡಿದ್ದೇನೆ. ಅಂಥ ಹೊತ್ತಗೆ ಸಿದ್ಧವಾಗುವುದಾದರೆ, ಅವನ ಅನುಮತಿ ಪಡೆದು ಮೊದಲು ಸಲ್ಲಿಸಬೇಕೆಂದಿರುವುದು ಅದನ್ನೇ.